ಎಂಟನೇ ನಂಬರಿನ ಕೋಲು

ಸಲಾಚಿಯ ಬಗ್ಗೆ ಯಾರನ್ನೇ ಕೇಳಿದರೂ ನಮ್ಮ ಮೆರ್‌ಬ್ಯಾಂಕ್ ಬಡಾವಣೆಯಲ್ಲಿ ಎರಡು ಮಾತು ಸಿಗುತ್ತವೆ. ಡರ್ಬನ್ನಿನ ದಕ್ಷಿಣ ದಂಡೆಯಲ್ಲಿ ಅವಳಷ್ಟು ಚೆನ್ನಾಗಿ ಗಾಳದ ಕೋಲು ಕಟ್ಟುವವರು ಇಲ್ಲ ಎನ್ನುವುದು ಒಂದು. ಗಂಡನ ಕಣ್ಣು ಕಿತ್ತವಳು ಎನ್ನುವುದು ಇನ್ನೊಂದು. ಎರಡೂ ನಿಜ. ಮೂರನೆಯ ಮಾತೊಂದಿದೆ, ಅದು ಅವಳನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆ ಕಣ್ಣು ಹೋದದ್ದರಲ್ಲಿ ನನ್ನದೂ ಪಾಲಿದೆ. ಅವಳ ಕುತ್ತಿಗೆಯ ಗಾಯದಲ್ಲಂತೂ ದೊಡ್ಡ ಪಾಲು. ಒಳ್ಳೆಯವಳ ಕಥೆ ಹೇಳಿ ನಾನೂ ಒಳ್ಳೆಯವನಾಗಿಬಿಡುವ ಉದ್ದೇಶ ನನಗಿಲ್ಲ, ಆದ್ದರಿಂದ ಮೊದಲೇ ಹೇಳಿದ್ದೇನೆ.

ನಮ್ಮದು ಒಂದೇ ಗೋಡೆಯ ಎರಡು ಮನೆ. ಮುನಿಸಿಪಾಲಿಟಿಯವರು ಕಟ್ಟಿಸಿದ್ದು, ಆ ಕಡೆ ಸೀನಿದರೆ ಈ ಕಡೆ ಕೇಳಿಸುತ್ತದೆ. ಈ ಕಡೆ ನಾನು, ಪಾರ್ತಿ ಎಂದು ಹೆಸರು, ಕಾಗದದ ಕಾರ್ಖಾನೆಯ ಫಿಟ್ಟರ್, ಒಂಟಿ ಗಂಡಸು. ಆ ಕಡೆ ಅರ್ನಾಚೆಲಂ, ಬಂದರಿನಲ್ಲಿ ಕ್ರೇನ್ ನಡೆಸುವವನು. ಎಂಬತ್ತೆರಡರಲ್ಲಿ ಅವನು ಸಲಾಚಿಯನ್ನು ಮದುವೆಯಾಗಿ ಕರೆತಂದ. ಅವಳಿಗೆ ಆಗ ಹತ್ತೊಂಬತ್ತು. ಮದುವೆಯಾದ ಎರಡನೇ ವಾರ ಗೋಡೆಯಾಚೆ ಮೊದಲ ಸಲ ಆ ಸದ್ದು ಕೇಳಿದೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ ಒಂದು ಸದ್ದು, ಆಮೇಲೆ ಇನ್ನೊಂದು. ಅಳು ಕೇಳಿಸಲಿಲ್ಲ.

ಗೋಡೆಗೂ ಕಿವಿ ಇರುತ್ತದಂತೆ. ನಮ್ಮ ಗೋಡೆಗೆ ಕಿವಿ ಇತ್ತು, ಬಾಯಿ ಇರಲಿಲ್ಲ. ಬೀದಿಯಲ್ಲಿ ಯಾರನ್ನು ಕೇಳಿದರೂ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಗುತ್ತಿದ್ದರು. ಆ ಗಾದೆ ಕಟ್ಟಿದವನು ಯಾರೋ ಗೊತ್ತಿಲ್ಲ, ಅವನ ಬೆನ್ನಿಗೆ ಏಟು ಬಿದ್ದಿರಲಿಕ್ಕಿಲ್ಲ.

ಅರ್ನಾ ನನ್ನ ಗೆಳೆಯ. ಅದನ್ನೂ ಮುಚ್ಚಿಡುವುದಿಲ್ಲ. ಬೆಳಿಗ್ಗೆ ಕಟಿಂಗ್ಸ್ ಬೀಚಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಶ್ಯಾಡ್ ಮೀನು ದಂಡೆಗೆ ಬರುವ ತಿಂಗಳಲ್ಲಿ ಅಲ್ಲಿ ಭುಜಕ್ಕೆ ಭುಜ ತಾಗಿಸಿ ಇನ್ನೂರು ಜನ ನಿಂತಿರುತ್ತಾರೆ. ಒಬ್ಬನ ದಾರದ ಮೇಲೆ ಇನ್ನೊಬ್ಬನ ದಾರ ಬಿದ್ದರೆ ಬಾಯಿಗೆ ಬಾಯಿ, ಬಾಯಿ ಮುಗಿದರೆ ಕೈ. ಅರ್ನಾನಿಗೆ ಬಾಯಿಯ ತನಕ ಕಾಯುವ ಅಭ್ಯಾಸವಿರಲಿಲ್ಲ. ತನ್ನ ದಾರ ದಾಟಿಸಿದ ಒಬ್ಬನ ಹಲ್ಲಿಗೆ ಅವನು ಗಾಳದ ದಾರಕ್ಕೆ ಭಾರ ಕಟ್ಟುವ ಸೀಸದ ಗುಂಡು ಬೀಸಿದ್ದನ್ನು ನಾನು ನೋಡಿದ್ದೇನೆ. ಆ ಮನುಷ್ಯ ಮರಳಿನ ಮೇಲೆ ಕೂತು ಹಲ್ಲು ಹುಡುಕುತ್ತಿದ್ದ. ಅರ್ನಾ ಅವನ ಪಕ್ಕದಲ್ಲೇ ನಿಂತು ಮುಂದಿನ ಮೀನು ಎಳೆದ. ನಾವೆಲ್ಲ ನಕ್ಕೆವು, ನಾನೂ ನಕ್ಕೆ.

ಅವನ ಕೋಲು ಫೈಬರ್ ಗ್ಲಾಸಿನದು. ಹನ್ನೆರಡು ಅಡಿ, ಎರಡು ತುಂಡು, ಹಳದಿ ಬಣ್ಣ, ಹೆಬ್ಬೆರಳಿಗಿಂತ ದಪ್ಪ. ಕೆಳಗಿನ ತುಂಡು ಗ್ಯಾರೇಜಿನಲ್ಲಿ ಇರುತ್ತಿತ್ತು, ಮೇಲಿನ ತುಂಡು ಅಡುಗೆಮನೆ ಬಾಗಿಲ ಹಿಂದೆ. ಮೀನಿಗೂ ಅದೇ, ಹೆಂಡತಿಗೂ ಅದೇ. ಕಬ್ಬಿಣಕ್ಕೆ ಬಡಿದರೂ ಪುಟಿಯುತ್ತಿತ್ತು, ಕಾರಿನ ಚಕ್ರದಡಿ ಸಿಕ್ಕಿದರೂ ಹೊರಗೆ ತೆಗೆದರೆ ಹಾಗೇ ಇರುತ್ತಿತ್ತು. ಒಂದು ಶನಿವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅರ್ನಾ ಅದನ್ನು ಎರಡು ಕೈಯಲ್ಲಿ ಬಗ್ಗಿಸಿ ತೋರಿಸುತ್ತ, "ನೋಡೋ, ಇದು ನನಗಿಂತ ಹೆಚ್ಚು ದಿನ ಬದುಕತ್ತೆ, ಮುರಿಯೋದೇ ಇಲ್ಲ," ಅಂದ.

ಸಲಾಚಿ ನನ್ನ ತಟ್ಟೆಗೆ ಮೀನಿನ ಸಾರು ಬಡಿಸುತ್ತಿದ್ದಳು. ಎರಡು ತೋಳಿನ ತುಂಬ ಹಳೆಯ ಹಸಿರು ಬರೆ, ಹೊಸ ಕೆಂಪು ಬರೆ. "ಮುರಿಯಲ್ಲ ಅಂತ ನಂಗೂ ಗೊತ್ತು ಬಿಡಿ," ಅಂದಳು, ಸಾರಿನ ಸೌಟು ಹಿಡಿದೇ. ಅರ್ನಾ ಅದನ್ನೂ ಜೋಕು ಎಂದುಕೊಂಡು ನಕ್ಕ. ನಾನು ತಟ್ಟೆ ನೋಡುತ್ತ ಎರಡನೇ ಸಲ ಸಾರು ಹಾಕಿಸಿಕೊಂಡೆ.

ಹೀಗೆ ಒಂಬತ್ತು ವರ್ಷ. ಮಧ್ಯೆ ಅವಳ ಎರಡು ಬಸಿರು ಇಳಿದುಹೋದವು. ಎರಡನೆಯದು ಇಳಿದಾಗ ನನಗೆ ನಿದ್ದೆ ಕೆಟ್ಟಿತು. ಏನಾದರೂ ಮಾಡಬೇಕು ಅನ್ನಿಸಿತು. ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿಯುವ ಧೈರ್ಯ ಇರಲಿಲ್ಲ, ಪೊಲೀಸರ ಹತ್ತಿರ ಹೋಗುವ ಮನಸ್ಸೂ ಇರಲಿಲ್ಲ. ಬಿಳಿಯರ ಆಳ್ವಿಕೆಯ ಆ ಕಾಲದಲ್ಲಿ ನಮ್ಮಂಥ ಇಂಡಿಯನ್ನರು ಪೊಲೀಸರನ್ನು ಬೀದಿಗೆ ಕರೆಯುತ್ತಿರಲಿಲ್ಲ. ಅಷ್ಟರಲ್ಲಿ ಅರ್ನಾನೇ ಒಂದು ದಾರಿ ತೋರಿಸಿದ. ತೊಂಬತ್ತೊಂದರಲ್ಲಿ ಕಪ್ಪು ಇಂಗಾಲದ ಎಳೆಯಿಂದ ಮಾಡಿದ ಗ್ರಾಫೈಟ್ ಕೋಲಿನ ಹುಚ್ಚು ದಂಡೆಗೆಲ್ಲ ಹಿಡಿದಿತ್ತು. ಅವನಿಗೂ ಒಂದು ಬೇಕಾಯಿತು.

ಪೇಟೆಯಲ್ಲಿ ಹಾಶಿಂ ಎಂಬುವನ ಅಂಗಡಿ. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ನಾಲಿಗೆ ಮಾತ್ರ ಹರಿತ. ಗೋಡೆಗೆ ಸಾಲಾಗಿ ಕಪ್ಪು ಕೋಲುಗಳು ನಿಂತಿದ್ದವು, ಒಂದೊಂದರ ಬುಡದಲ್ಲೂ ಚಿನ್ನದ ಅಕ್ಷರ: ಐಎಂ ಆರು, ಐಎಂ ಏಳು, ಐಎಂ ಎಂಟು.

"ಎಲ್ಲಕ್ಕಿಂತ ದೊಡ್ಡ ನಂಬರ್ ಯಾವ್ದು? ಅದನ್ನ ಕೊಡು," ಅಂದ ಅರ್ನಾ.

"ಇದೇನು ಪ್ಯಾಂಟಾ, ದೊಡ್ಡ ಹೊಟ್ಟೆಗೆ ದೊಡ್ಡ ನಂಬರ್ ಅನ್ನೋಕೆ?" ಅಂದ ಹಾಶಿಂ. "ಮೊದ್ಲು ಕೇಳು. ಈ ನಂಬರ್ ಕೋಲಿಂದು ಅಲ್ಲ, ಒಳಗಿರೋ ಕಪ್ಪು ಎಳೇದು. ಎಳೆ ಎಷ್ಟು ಸೆಟೆದು ನಿಲ್ಲತ್ತೆ ಅಂತ ಹೇಳತ್ತೆ, ಅಷ್ಟೆ. ಜಾಸ್ತಿ ಸೆಟೆತ ಇದ್ರೆ ಆ ಎಳೆಯಿಂದ ನೇಯ್ದ ಬಟ್ಟೆ ಕಮ್ಮಿ ಸುತ್ತಿದ್ರೂ ಕೋಲು ನೆಟ್ಟಗಿರತ್ತೆ. ಹಗುರಾಗತ್ತೆ. ದೂರ ಎಸೀಬಹುದು."

"ಹಂಗಾದ್ರೆ ಎಂಟೇ ಗಟ್ಟಿ."

"ಅಯ್ಯೋ ಪುಣ್ಯಾತ್ಮ! ಸೆಟೆಯೋದು ಬೇರೆ, ತಾಳೋದು ಬೇರೆ. ಕಮ್ಮಿ ಬಟ್ಟೆ ಸುತ್ತಿದ್ರೆ ಕೊಳವೆ ಗೋಡೆ ತೆಳುವಾಗಲ್ವಾ? ಮೀನು ಎಳೆದ್ರೆ ಹೆದರಲ್ಲ ಅದು. ಪಕ್ಕದಿಂದ ಒಂದು ಏಟು ಬಿದ್ರೆ, ಬಂಡೆಗೆ, ಕಾರಿನ ಬಾಗಿಲಿಗೆ ತಾಗಿದ್ರೆ, ಕತೆ ಮುಗೀತು. ಮತ್ತೆ ಈ ಕಂಪನಿಯವನ ಏಳು, ಆ ಕಂಪನಿಯವನ ಎಂಟು ಅಂತೆಲ್ಲ ತೂಗಿ ನೋಡೋ ತಕ್ಕಡಿ ಯಾರ ಹತ್ರನೂ ಇಲ್ಲ. ಯಾವ ಅಂಟು ಹಾಕಿದ, ಎಷ್ಟು ಸುತ್ತು ಸುತ್ತಿದ, ಅದನ್ನ ಕೇಳು. ನಿಂಗೆ ನಾನು ಆರನೇದು ಕೊಡ್ತೀನಿ. ನಿನ್ನ ಕೈ ಒರಟು."

ನಾನು ಫಿಟ್ಟರ್. ಬಿರುಸಾದ ಉಕ್ಕು ಸುತ್ತಿಗೆಯ ಒಂದೇ ಏಟಿಗೆ ಸೀಳುತ್ತದೆ, ಮೆದು ಉಕ್ಕು ಬಗ್ಗಿ ಉಳಿಯುತ್ತದೆ ಎಂದು ಗೊತ್ತಿದ್ದವನು. ಹಾಶಿಂ ಹೇಳಿದ್ದು ಅರ್ನಾನ ತಲೆಗೆ ಹತ್ತಲಿಲ್ಲ, ನನ್ನ ತಲೆಗೆ ಚೆನ್ನಾಗಿ ಹತ್ತಿತು. ಪಕ್ಕದಿಂದ ಬಿದ್ದ ಒಂದು ಏಟು. ಆ ಹಳದಿ ಕೋಲು ಬಾಗಿಲ ಹಿಂದೆ ಇಲ್ಲದಿದ್ದರೆ, ಅದರ ಜಾಗದಲ್ಲಿ ಈ ಕಪ್ಪು ಕೋಲು ಇದ್ದರೆ? ಮೊದಲ ಏಟಿಗೇ ಮುರಿಯುತ್ತದೆ, ಅಲ್ಲಿಗೆ ಹೊಡೆತ ನಿಲ್ಲುತ್ತದೆ. ಎಲ್ಲರೂ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ನನಗೆ ಕೋಲು ಮುರಿದರೆ ಸಾಕಿತ್ತು, ಹಾವಿನ ತಂಟೆ ಬೇಡವಾಗಿತ್ತು.

"ಎಂಟೇ ತಗೊಳೋ ಅರ್ನಾ," ಅಂದೆ. "ಆರು ಹಿಡ್ಕೊಂಡು ಹೋದ್ರೆ ದಂಡೆ ಮೇಲೆ ಮರ್ಯಾದೆ ಇರತ್ತಾ? ಹಳೇದನ್ನ ನಂಗೆ ಕೊಟ್ಬಿಡು. ಮನೇಲಿ ಎರಡೆರಡು ಯಾಕೆ?"

ಹಾಶಿಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಏನೋ ವಾಸನೆ ಹಿಡಿದಿರಬೇಕು, ಆದರೂ ಎಂಟನೆಯದನ್ನೇ ಇಳಿಸಿ ಕೊಟ್ಟ. ಅವತ್ತು ಸಂಜೆ ಹಳದಿ ಕೋಲನ್ನು ನನ್ನ ಮನೆಗೆ ತಂದು ಮಂಚದ ಕೆಳಗೆ ಹಾಕಿದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಚೆನ್ನಾಗಿ ಊಟ ಮಾಡಿದೆ.

ಆರು ವಾರ ಅವನು ಹೊಸ ಕೋಲನ್ನು ಯಾವುದಕ್ಕೂ ತಾಗಿಸಲಿಲ್ಲ. ಫ್ಲಾನೆಲ್ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದ. ಹೆಂಡತಿಗೆ ಕೈಯೇ ಸಾಕಾಗಿತ್ತು. ಗೋಡೆಯಾಚೆಯ ಸದ್ದು ಬದಲಾಯಿತು, ನಿಲ್ಲಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ. ಸಾರ್ಡೀನ್ ಹಿಂಡು ಬಂದಿತ್ತು, ಅದರ ಬೆನ್ನಿಗೆ ದೊಡ್ಡ ಗ್ಯಾರಿಕ್ ಮೀನುಗಳು. ನೀರು ಕುದಿಯುತ್ತಿತ್ತು. ಮೇಲಿಂದ ಹಕ್ಕಿ, ಕೆಳಗಿಂದ ಮೀನು, ದಂಡೆಯಿಂದ ನಾವು, ಎಲ್ಲರೂ ಆ ಬಡ ಸಾರ್ಡೀನುಗಳ ಮೇಲೆ ಬಿದ್ದಿದ್ದೆವು. ಅಲೆಯ ನೊರೆ ಕೆಂಪಾಗಿತ್ತು. ಅರ್ನಾನ ಗಾಳಕ್ಕೆ ಒಂದು ಬಿತ್ತು, ಒಳ್ಳೆಯ ಗಾತ್ರದ್ದು. ಅವನು ತನ್ನ ಹಳೆಯ ರೀತಿಯಲ್ಲೇ ಜಗ್ಗಿದ. ಹಳದಿ ಕೋಲಾಗಿದ್ದರೆ ಬಗ್ಗಿ ಜಗ್ಗನ್ನು ನುಂಗುತ್ತಿತ್ತು. ಇದು ಬಗ್ಗಲಿಲ್ಲ. ದಂಡೆಯ ಅಲೆಗೆ ಬಂದಿದ್ದ ಮೀನಿನ ಬಾಯಿ ಹರಿದು ಗಾಳ ಬರಿದೇ ಹಾರಿ ಬಂತು.

ಅದೇ ಹೊತ್ತಿಗೆ ಪಕ್ಕದಲ್ಲಿ ನಾನು, ಅವನದೇ ಹಳದಿ ಕೋಲಿನಲ್ಲಿ, ಹನ್ನೊಂದು ಕಿಲೋದ ಗ್ಯಾರಿಕ್ ಮರಳಿಗೆ ಎಳೆದೆ.

"ಏ ಅರ್ನಾ, ಎಂಟನೇ ನಂಬರಲ್ಲಿ ಒಂದು ಮೀನು ಕಳೆದ್ರೆ ಎಷ್ಟು?" ಅಂತ ಹಿಂದಿನಿಂದ ಯಾರೋ ಕೂಗಿದ. "ಸೊನ್ನೆ!" ಅಂದರು ಉಳಿದವರು. ಇಡೀ ಸಾಲು ಕೇಕೆ ಹಾಕಿತು.

ಅರ್ನಾ ಯಾರಿಗೂ ಹೊಡೆಯಲಿಲ್ಲ. ಅದನ್ನು ನೋಡಿಯೇ ನನಗೆ ಭಯವಾಯಿತು. ಎರಡು ತುಂಡು ಬಿಡಿಸಿ ಹೆಗಲಿಗೆ ಹಾಕಿಕೊಂಡು ನಡೆದ. ನಾನು ಮೀನನ್ನು ಕಿವಿರಿಗೆ ಬೆರಳು ಹಾಕಿ ಎತ್ತಿಕೊಂಡು ಅವನ ಹಿಂದೆಯೇ ಬಂದೆ. ದಾರಿಯುದ್ದಕ್ಕೂ ಅವನಿಗೂ ನನಗೂ ಹತ್ತು ಹೆಜ್ಜೆ ಅಂತರ. ಏನಾಗಲಿದೆ ಎಂದು ನನಗೆ ಗೊತ್ತಿತ್ತು. ಅವನು ಅವನ ಮನೆಗೆ ಹೋದ, ನಾನು ನನ್ನ ಮನೆಗೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ನಾನು ಅಡುಗೆಮನೆಯಲ್ಲಿ ಮೀನಿನ ಹೊಟ್ಟೆ ಸೀಳುತ್ತಿದ್ದೆ. ಗೋಡೆಯಾಚೆ ಅವನ ಕೂಗು, ಪಾತ್ರೆ ಬಿದ್ದ ಸದ್ದು, ಆಮೇಲೆ ಬಂದೂಕು ಹಾರಿದ ಹಾಗೆ ಒಂದು ಪಟಾರ್. ಕೋಲು ಮುರಿದಿತ್ತು. ನನ್ನ ಲೆಕ್ಕ ಸರಿಯಾಗಿತ್ತು. ಕೈಯಲ್ಲಿ ಚೂರಿ ಹಿಡಿದುಕೊಂಡೇ ನಾನು ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮುಖವನ್ನು ನಾನೇ ಪರಚಿಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಸಲಾಚಿ ಕಿರುಚಿದಳು. ಒಂಬತ್ತು ವರ್ಷದಲ್ಲಿ ಅವಳ ಕಿರುಚು ಕೇಳಿದ್ದು ಅದೇ ಮೊದಲು.

ನಾನು ಹಿತ್ತಲ ಬೇಲಿ ಹಾರಿದೆ. ಬಾಗಿಲು ತೆರೆದೇ ಇತ್ತು. ಅವಳು ತಲೆ ತಗ್ಗಿಸಿದ್ದರಿಂದ ಮೊದಲ ಏಟು ಬಾಗಿಲ ಚೌಕಟ್ಟಿಗೆ ಬಿದ್ದಿತ್ತಂತೆ. ನನ್ನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೋಪ ಬಂದವನು ಕೈಯಲ್ಲಿ ಉಳಿದದ್ದು ಎಷ್ಟು ಉದ್ದ ಎಂದು ನೋಡುವುದಿಲ್ಲ. ಅರ್ಧ ತುಂಡಿನಲ್ಲೇ ಎರಡನೇ ಏಟು ಬೀಸಿದ್ದಾನೆ. ಗ್ಲಾಸಿನ ಕೋಲು ಮುರಿದರೆ ನಾರು ನಾರಾಗಿ ತೂಗಾಡುತ್ತದೆ. ಗ್ರಾಫೈಟ್ ಹಾಗಲ್ಲ. ಸೀಳಿದ ಬಾಯಿಯ ತುಂಬ ಸೂಜಿ, ಒಂದೊಂದೂ ಗಾಜಿಗಿಂತ ಹರಿತ. ಕಡಲಿಗೆ ಹೋಗುವವರಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು. ಮುರಿಯುವುದನ್ನು ಮಾತ್ರ ಲೆಕ್ಕ ಹಾಕಿ, ಮುರಿದ ಮೇಲೆ ಏನು ಎಂದು ಯೋಚಿಸದವನು ನಾನು.

ಎಡಗಿವಿಯ ಕೆಳಗಿಂದ ಕೊರಳೆಲುಬಿನ ತನಕ ಸೀಳಿತ್ತು. ರಕ್ತ ಅವಳ ಸೀರೆಯ ಮೇಲೆ, ಒಲೆಯ ಮೇಲೆ, ಬೇಯುತ್ತಿದ್ದ ಅವರೆಕಾಳಿನ ಮೇಲೆ. ನೆಲಕ್ಕೆ ಬಿದ್ದ ಇನ್ನರ್ಧ ತುಂಡನ್ನು ಅವಳು ಎರಡು ಕೈಯಲ್ಲಿ ಹಿಡಿದಿದ್ದಳು. ಅರ್ನಾ ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ಹರಿಯುತ್ತಿದ್ದದ್ದು ಬರಿಯ ರಕ್ತವಲ್ಲ.

"ಇನ್ನೊಂದೂ ತೆಗೀತೀನಿ," ಅನ್ನುತ್ತಿದ್ದಳು ಅವಳು. "ಅಲ್ಲಾಡು ನೋಡಾಣ. ಇನ್ನೊಂದೂ ತೆಗೀತೀನಿ."

ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದೆ. ಅವಳು ತನ್ನ ಕುತ್ತಿಗೆಗೆ ನನ್ನ ಅಂಗಿ ಒತ್ತಿ ಹಿಡಿದಿದ್ದಳು. ಬದುಕುತ್ತಾಳೋ ಇಲ್ಲವೋ ಎರಡು ದಿನ ಯಾರೂ ಹೇಳಲಿಲ್ಲ. ಬದುಕಿದಳು. ಕಪ್ಪು ಎಳೆಗಳು ಮಾತ್ರ ಮಾಂಸದೊಳಗೆ ಉಳಿದುಕೊಂಡವು, ತಿಂಗಳುಗಟ್ಟಲೆ ಒಂದೊಂದೇ ಕೀವಿನ ಜೊತೆ ಹೊರಬಂದವು. ಪೊಲೀಸಿನವನು ಬಂದು ನನ್ನನ್ನು ಕೇಳಿದ, ಇದಕ್ಕೆ ಮುಂಚೆ ಅವನು ಹೊಡೆದದ್ದು ಕೇಳಿಸಿತ್ತೇ ಎಂದು. ಇಲ್ಲ, ಅವತ್ತೇ ಮೊದಲು ಅಂದೆ. ಅರ್ನಾ ದೂರು ಕೊಡಲಿಲ್ಲ. ಹೆಂಡತಿ ಕಣ್ಣು ಕಿತ್ತಳು ಎಂದು ಕೋರ್ಟಿನಲ್ಲಿ ಹೇಳುವುದು ಅವನಿಗೆ ಕಣ್ಣು ಹೋದದ್ದಕ್ಕಿಂತ ದೊಡ್ಡ ಅವಮಾನ. ಅವನ ಅಣ್ಣ ಬಂದು ಟೊಂಗಾಟ್ ಊರಿಗೆ ಕರೆದೊಯ್ದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಗಾಯ ಒಣಗಿದ ಮೇಲೆ ಸಲಾಚಿ ಮಾಡಿದ ಮೊದಲ ಕೆಲಸ, ಮುರಿದ ಎರಡೂ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಹಾಶಿಂನ ಅಂಗಡಿಗೆ ಹೋದದ್ದು. "ಒಂಬತ್ತು ವರ್ಷ ಮುರೀದೇ ಇದ್ದಿದ್ದು ಒಂದು. ಒಂದೇ ಏಟಿಗೆ ಮುರಿದಿದ್ದು ಇದು. ಯಾಕೆ ಅಂತ ನಂಗೆ ಹೇಳ್ಕೊಡು," ಅಂದಳಂತೆ. ಹಾಶಿಂ ಅವಳ ಕುತ್ತಿಗೆ ನೋಡಿದ, ಕುರ್ಚಿ ಎಳೆದು ಕೂರಿಸಿದ. ಎರಡು ವರ್ಷ ಅವನ ಹಿಂದಿನ ಕೋಣೆಯಲ್ಲಿ ಗಾಳದ ದಾರ ಹಾಯುವ ಉಂಗುರ ಕಟ್ಟುವುದು, ದಾರ ಸುತ್ತುವುದು, ಅಂಟು ಬಳಿಯುವುದು ಕಲಿತಳು. ಆಮೇಲೆ ನಮ್ಮ ಗೋಡೆಯಾಚೆಯ ಗ್ಯಾರೇಜಿನಲ್ಲೇ ಸ್ವಂತ ಕೆಲಸ.

ಅವಳ ಕೆಲಸದ ರೀತಿಯೇ ಬೇರೆ. ಉಂಗುರ, ಹಿಡಿ ಏನೂ ಕಟ್ಟದ ಹತ್ತು ಬರಿಯ ಕೋಲು ತಂದರೆ ಅದರಲ್ಲಿ ಒಂದನ್ನು ಕೊಲ್ಲುತ್ತಾಳೆ. ಬುಡ ಗೋಡೆಗೆ ಬಿಗಿದು ತುದಿಗೆ ಬಕೆಟ್ ತೂಗುಹಾಕಿ, ಮುರಿಯುವ ತನಕ ಮರಳು ಸುರಿಯುತ್ತಾಳೆ. ಉಳಿದ ತುಂಡಿಗೆ ಸೀಸದ ಗುಂಡಿನಿಂದ ಹೊಡೆದು ಎಷ್ಟನೇ ಏಟಿಗೆ ಸೀಳಿತು ಎಂದು ಎಣಿಸುತ್ತಾಳೆ. ಕಂಪನಿಯ ಚಿನ್ನದ ನಂಬರನ್ನು ಉಜ್ಜಿ ಅಳಿಸಿ, ಎಷ್ಟು ಕಿಲೋ ಮರಳು, ಎಷ್ಟು ಏಟು, ಇಷ್ಟನ್ನೇ ಬಿಳಿ ಬಣ್ಣದಲ್ಲಿ ಬರೆಯುತ್ತಾಳೆ. ಹಣ ದಂಡ ಎಂದು ನಾವೆಲ್ಲ ಆಡಿಕೊಂಡೆವು. ಅವಳ ಕೋಲು ಮೀನಿನ ನಡುವೆ ಮುರಿದದ್ದನ್ನು ಮಾತ್ರ ಯಾರೂ ಕಾಣಲಿಲ್ಲ. ಸಿಟ್ಟೂ ಅಷ್ಟೇ ಪ್ರಸಿದ್ಧ. ವಾದ ಮಾಡಿದವನ ಮೇಲೆ ಅಂಟಿನ ಡಬ್ಬಿ ಬಿದ್ದಿದೆ. ಚೌಕಾಸಿ ಮಾಡಿದ ಒಬ್ಬನ ಕೆನ್ನೆಗೆ ಅವಳ ಐದು ಬೆರಳು ಮೂಡಿದ್ದವು, ಅವನೇ ಮುಂದಿನ ವಾರ ಬಂದು ಕೋಲು ಕೊಂಡ.

ಎರಡು ಸಾವಿರದ ಐದರಲ್ಲಿ ಒಂದು ಬೆಳಿಗ್ಗೆ ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ. ಬಿಳಿ ಕಾರಿನಲ್ಲಿ ಇಸಿಪಿಂಗೋ ಊರಿನವನೊಬ್ಬ ಬಂದ. ಕೊರಳಲ್ಲಿ ದಪ್ಪ ಸರ, ಬಾಯಲ್ಲಿ ಚೂಯಿಂಗ್ ಗಮ್.

"ಅಕ್ಕ, ಐಎಂ ಹತ್ತು ಇದ್ಯಾ?"

"ಹತ್ತು ಯಾಕೆ, ನೂರು ಅಂತ ಬರ್ದು ಕೊಡ್ತೀನಿ. ಬಣ್ಣದ ಡಬ್ಬಿ ಇಲ್ಲೇ ಇದೆ," ಅಂದಳು ಸಲಾಚಿ. "ಏನ್ ಮೀನು ಹಿಡೀತೀಯ, ಎಲ್ಲಿ ನಿಂತ್ಕೋತೀಯ, ಅದನ್ನ ಹೇಳು."

ಅವನು ಹೇಳುತ್ತಿದ್ದ. ಅವಳು ಕೇಳುತ್ತಿರಲಿಲ್ಲ. ಅವಳ ಕಣ್ಣು ಕಾರಿನ ಮೇಲಿತ್ತು. ಒಳಗೆ ಒಬ್ಬಳು ಹುಡುಗಿ, ಇಪ್ಪತ್ತೂ ಇರಲಿಕ್ಕಿಲ್ಲ, ಬಿಸಿಲಿಲ್ಲದ ದಿನ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ತುಟಿ ಊದಿತ್ತು. ಸಲಾಚಿ ಅವನನ್ನು ಅಲ್ಲೇ ಬಿಟ್ಟು ಕಾರಿನ ಹತ್ತಿರ ಹೋದಳು.

"ಕನ್ನಡಕ ತೆಗಿ ಮಗಾ."

ಹುಡುಗಿ ತೆಗೆಯಲಿಲ್ಲ, ಅಳಲು ಶುರುಮಾಡಿದಳು.

"ಏ ಮುದುಕಿ, ನನ್ನ ಹೆಂಡ್ತಿ ತಂಟೆ ನಿಂಗ್ಯಾಕೆ?" ಅಂತ ಅವನು ನುಗ್ಗಿ ಬಂದ.

ಸಲಾಚಿ ಜೇಬಿನಿಂದ ಸೀಸದ ಗುಂಡು ತೆಗೆದು ಅವನ ಕಾರಿನ ಮುಂದಿನ ಗಾಜಿಗೆ ಬೀಸಿದಳು. ಗಾಜು ಇಡೀ ಬೆಳ್ಳಗಾಗಿ ಕುಸಿಯಿತು. ಎರಡನೆಯದು ಅವನ ಮಂಡಿಗೆ ಬಿತ್ತು. ಅವನು ಕುಂಟುತ್ತ ಬೀದಿಗೆ ಓಡಿ, ಅಲ್ಲಿ ನಿಂತು ಬೈಯತೊಡಗಿದ. ಅವಳು ಕಾರಿನ ಬಾಗಿಲು ತೆಗೆದು ಹುಡುಗಿಯ ಕೈ ಹಿಡಿದು ಮನೆಯೊಳಗೆ ಕರೆದೊಯ್ದಳು. ಒಳಗಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಇಷ್ಟೆಲ್ಲ ನಡೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಬಾಗಿಲಲ್ಲಿ ನಿಂತವನು ನಿಂತೇ ಇದ್ದೆ.

ಅವತ್ತು ಸಂಜೆ ನನಗೆ ತಡೆಯಲಾಗಲಿಲ್ಲ. ಅವಳು ಒಂದು ಕೋಲಿಗೆ ದಾರ ಸುತ್ತುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಹಾಶಿಂ ಆರು ಕೊಡುತ್ತೇನೆ ಅಂದದ್ದು, ನಾನು ಎಂಟು ಅಂದದ್ದು, ಹಳದಿ ಕೋಲನ್ನು ನನ್ನ ಮಂಚದ ಕೆಳಗೆ ಹಾಕಿದ್ದು, ಪೊಲೀಸಿನವನಿಗೆ ಸುಳ್ಳು ಹೇಳಿದ್ದು. "ನಿನ್ನ ಉಳಿಸ್ಬೇಕು ಅಂತಾನೇ ಮಾಡ್ದೆ ಸಲಾಚಿ," ಅಂದೆ. ಹದಿನಾಲ್ಕು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಬಿದ್ದು ಹಗುರಾದೀತು ಎಂದುಕೊಂಡೆ. ಅಂಟಿನ ಡಬ್ಬಿ ಮುಖಕ್ಕೆ ಬಂದರೂ ತಿನ್ನಲು ತಯಾರಾಗಿದ್ದೆ.

ಅವಳು ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಬೇಲಿ ಹಾರಿ ಬಂದ್ಯಲ್ಲ ಪಾರ್ತಿ, ಎಷ್ಟೊತ್ತು ಹಿಡೀತು?"

"ಏನೋ, ಅರ್ಧ ನಿಮಿಷ."

"ಒಂಬತ್ತು ವರ್ಷದಲ್ಲಿ ನಿಂಗೆ ಆ ಅರ್ಧ ನಿಮಿಷ ಪುರಸೊತ್ತಾಗ್ಲಿಲ್ಲ," ಅಂದಳು. "ಪೇಟೆಗೆ ಹೋಗಿ ಕೋಲು ಆರ್ಸೋಕೆ ಅರ್ಧ ದಿನ ಪುರಸೊತ್ತಾಯ್ತು."

ಅಷ್ಟೇ. ಕೂಗಲಿಲ್ಲ, ಏನನ್ನೂ ಎಸೆಯಲಿಲ್ಲ, ಎದ್ದು ಹೋಗು ಅನ್ನಲಿಲ್ಲ. ದಾರ ಮುಗಿಸಿ, ಗಂಟು ಹಾಕಿ, ಹೆಚ್ಚಿನದನ್ನು ಬ್ಲೇಡಿನಿಂದ ಕತ್ತರಿಸಿ, ಒಳಗೆ ಆ ಹುಡುಗಿಗೆ ಊಟ ಬಡಿಸಲು ಹೋದಳು. ಆಮೇಲಿನ ಇಷ್ಟು ವರ್ಷಗಳಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಿಲ್ಲ, ಕೋಲಿನ ಬಗ್ಗೆ, ಗಾಳಿಯ ಬಗ್ಗೆ, ಮೀನಿನ ಬಗ್ಗೆ ಮಾತಾಡುತ್ತಾಳೆ. ಅವಳ ಕೈಯಲ್ಲಿ ಏಟು ತಿಂದ ಗಿರಾಕಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.